ರೊಟ್ಟಿ ಬಡಿಯುವ ಸಪ್ಪಳ

ವೈಟ್‌ಫೀಲ್ಡಿನಲ್ಲಿ ಎಲ್ಲಿ ಊಟ ಮಾಡೋಣ ಎಂದು ಯಾರಾದರೂ ಕೇಳಿದರೆ, ಮಾಲ್‌ಗಳನ್ನು ಬಿಟ್ಟು ಪಿ.ಜಿ.ಗಳಿರುವ ಓಣಿಗೆ ಕರೆದೊಯ್ಯುತ್ತೇನೆ. ಅಲ್ಲೊಂದು ಉತ್ತರ ಕರ್ನಾಟಕದ ಖಾನಾವಳಿ ಸಿಕ್ಕೇ ಸಿಗುತ್ತದೆ. ಬೋರ್ಡಿಗಿಂತ ಮೊದಲು ರೊಟ್ಟಿ ಬಡಿಯುವ ಸಪ್ಪಳವೇ ದಾರಿ ತೋರಿಸುತ್ತದೆ.

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ, ಬಿಸಿಯಿರುವಾಗಲೇ ಅಂಗೈಯಿಂದ ತಿಕ್ಕಿ ನಾದಬೇಕು. ಒಲೆಯ ಮುಂದಿನ ಅಕ್ಕ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ತಟ್ಟುತ್ತ ತಟ್ಟುತ್ತ ತಿರುಗಿಸುತ್ತಾಳೆ. ಅಂಚು ಎಲ್ಲೂ ಬಿರಿಯುವುದಿಲ್ಲ. ಹಂಚಿಗೆ ಬಿದ್ದ ರೊಟ್ಟಿಯ ಮೇಲೆ ಒದ್ದೆ ಬಟ್ಟೆ ಆಡಿಸಿ, ನೀರು ಆರುವ ಹೊತ್ತಿಗೆ ಮಗುಚಿ ಹಾಕುತ್ತಾಳೆ. ಎಂಥ ಕೈ! ವಿಜಯಪುರ ಸೀಮೆಯ ಹಿಂಗಾರಿ ಮಾಲದಂಡಿ ಜೋಳವಾದರಂತೂ ಆ ಸಿಹಿಯೇ ಬೇರೆ.

ಜತೆಗೆ ಎಣ್ಣೆಗಾಯಿ, ಝುಣಕ, ಮಡಿಕೆ ಕಾಳಿನ ಪಲ್ಯ. ಶೇಂಗಾ ಚಟ್ನಿಗೆ ಗಟ್ಟಿ ಮೊಸರೇ ಆಗಬೇಕು, ಇದು ನನ್ನ ಹಠ.

1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಹುಟ್ಟಿದ ಊರು ವೈಟ್‌ಫೀಲ್ಡ್. 2023ರ ಮಾರ್ಚಿನಲ್ಲಿ ಇಲ್ಲಿಗೆ ಮೆಟ್ರೊವೂ ಬಂತು. ಆದರೆ ಈ ಖಾನಾವಳಿಯಲ್ಲಿ, ಕೊರಳಲ್ಲಿ ಐಡಿ ಕಾರ್ಡ್ ತೂಗಿಸಿಕೊಂಡ ಹುಡುಗ, "ಯಕ್ಕಾ, ಇನ್ನೊಂದ್ ಬಿಸಿ ರೊಟ್ಟಿ" ಅನ್ನುತ್ತಾನೆ. "ತಡಿಯಪಾ, ಉಬ್ಬಲಿ" ಎನ್ನುತ್ತಾಳೆ ಅಕ್ಕ, ಹಂಚಿನಿಂದ ಕಣ್ಣು ತೆಗೆಯದೆ.