ಕಲ್ಪನಾ ಅವರ ಅಭಿನಯದಲ್ಲಿ ‘ಅತಿ’ಯ ಪ್ರಶ್ನೆ

ಕನ್ನಡ ಚಲನಚಿತ್ರನಟಿ ಕಲ್ಪನಾ (೧೯೪೩–೧೯೭೯) ಅವರನ್ನು ಕುರಿತು ಎರಡು ಮಾತುಗಳು ರೂಢಿಯಲ್ಲಿವೆ. ಅವರು ‘ಮಿನುಗುತಾರೆ’ ಎಂಬುದು ಒಂದು. ಅವರದು ಅತಿಯಾದ ಅಭಿನಯವೆಂಬುದು ಇನ್ನೊಂದು. ಮೊದಲನೆಯದು ಅಭಿಮಾನದ ಉದ್ಗಾರವಾದುದರಿಂದ ಅದಕ್ಕೆ ಪರೀಕ್ಷೆ ಬೇಕಿಲ್ಲ. ಎರಡನೆಯದು ವಿಮರ್ಶೆಯ ತೀರ್ಪು. ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು, ತ್ರಿವೇಣಿಯವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಎರಡು ಚಿತ್ರಗಳ ಮೂಲಕ ಇಲ್ಲಿ ಪರಿಶೀಲಿಸುತ್ತೇವೆ.

‘ಬೆಳ್ಳಿಮೋಡ’ದಲ್ಲಿ (೧೯೬೭) ಇಂದಿರೆಗೆ ತಮ್ಮನು ಹುಟ್ಟಿದೊಡನೆ ಅವಳು ಆಸ್ತಿಯ ಏಕೈಕ ವಾರಸುದಾರಳಾಗಿ ಉಳಿಯುವುದಿಲ್ಲ. ಅವಳ ತಂದೆಯ ಹಣದಿಂದ ವಿದೇಶದಲ್ಲಿ ಓದಿಬಂದ ವರನ ಪ್ರೀತಿಯೂ ಅದರೊಡನೆ ಕರಗುತ್ತದೆ. ಮುಂದೆ ಅವನು ಗಾಯಗೊಂಡು, ಅವಳ ಶುಶ್ರೂಷೆಯಿಂದ ಚೇತರಿಸಿ, ಪಶ್ಚಾತ್ತಾಪದಿಂದ ಕೈಹಿಡಿಯಬಯಸಿದಾಗ ಅವಳು ಒಪ್ಪುವುದಿಲ್ಲ. ಈ ನಿರಾಕರಣೆಯಲ್ಲಿ ಆಕ್ರೋಶಕ್ಕಿಂತ ಸಂಯಮವೇ ಪ್ರಧಾನ. ಆದುದರಿಂದ ಭಾವವನ್ನು ಹಿಡಿದಿಡುವ ಶಕ್ತಿ ಈ ನಟಿಗೆ ಇರಲಿಲ್ಲವೆನ್ನಲಾಗದು.

ಹಾಗಾದರೆ ‘ಶರಪಂಜರ’ದಲ್ಲಿ ಆ ಸಂಯಮದ ಕಟ್ಟು ಒಡೆದುದೇಕೆ? ಕಾವೇರಿ ಹೆರಿಗೆಯ ಅನಂತರ ಬುದ್ಧಿಭ್ರಮಣೆಗೆ ಒಳಗಾಗಿ, ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ವೈದ್ಯರ ದೃಷ್ಟಿಯಲ್ಲಿ ಅವಳು ಸ್ವಸ್ಥೆ. ಮನೆಯವರ ಹಾಗೂ ನೆರೆಹೊರೆಯವರ ಕಣ್ಣಿಗೆ ಇನ್ನೂ ಹುಚ್ಚಿ. ನಕ್ಕರೂ ಸಂಶಯ, ಅತ್ತರೂ ಸಂಶಯ. ಇಲ್ಲಿ ನಟಿಯ ಮೇಲಿರುವ ಹೊಣೆ ಹುಚ್ಚನ್ನು ತೋರಿಸುವುದಷ್ಟೇ ಅಲ್ಲ. ತಾನು ಸ್ವಸ್ಥಳೆಂದು ಗಳಿಗೆಗಳಿಗೆಗೂ ರುಜುವಾತು ಮಾಡಬೇಕಾದ ಹೆಣ್ಣಿನ ಆಯಾಸವನ್ನು ತೋರಿಸುವುದು. ಸಾತ್ತ್ವಿಕಾಭಿನಯಕ್ಕೆ ಮನಸ್ಸಿನ ಏಕಾಗ್ರತೆ ಬೇಕೆಂದು ಭರತನ ಮತ. ಆ ಏಕಾಗ್ರತೆ ನಮಗೆ ಹೆಚ್ಚಾಗಿ ಕಾಣುವುದು ಈ ಭಾಗದಲ್ಲಿ. ಪತಿಯೇ ಅನ್ಯಳಲ್ಲಿ ಆಸಕ್ತನಾದುದು ತಿಳಿದ ಮೇಲೆ ಅವಳಿಗೆ ನಿಲ್ಲಲು ನೆಲೆ ಉಳಿಯುವುದಿಲ್ಲ. ಅನಂತರದ ಕೂಗು ನಗೆಗಳನ್ನು ಬಿಡಿಯಾಗಿ ನೋಡಿದವರಿಗೆ ಅವು ಅತಿಯೆನಿಸಬಹುದು. ಅದುವರೆಗೆ ಅದುಮಿಟ್ಟ ಭಾವದೊಡನೆ ಕೂಡಿಸಿ ನೋಡಿದರೆ ಉಚಿತವೆಂದೇ ತೋರುತ್ತವೆ. ಅಭಿನಯದ ಔಚಿತ್ಯವನ್ನು ದನಿಯ ಏರಿಳಿತದಿಂದ ಮಾತ್ರ ಅಳೆಯಲಾಗದು.

ಕಲ್ಪನಾ ಅವರ ಅಭಿನಯವೆಲ್ಲ ನಿರ್ದುಷ್ಟವೆಂದು ನಾವು ವಾದಿಸುವುದಿಲ್ಲ. ಕಥಾಸಂದರ್ಭದ ಬೆಂಬಲವಿಲ್ಲದೆಡೆ ಅದೇ ಏರುದನಿ ಬರಿಯ ರೂಢಿಯಾಗಿ ಕೇಳಿಸುವುದುಂಟು. ಅಂತೆಯೇ, ೧೯೭೯ರ ಅವರ ಅಕಾಲಮರಣವನ್ನು ಮುಂದಿಟ್ಟುಕೊಂಡು, ಪಾತ್ರದ ದುಃಖವೇ ನಟಿಯ ದುಃಖವೆಂದು ಹೇಳುವುದೂ ಸರಿಯಲ್ಲ. ಅದು ಅವರ ಕಲೆಯನ್ನೇ ಅವರಿಂದ ಕಸಿದುಕೊಂಡಂತೆ.

ಕಾವೇರಿಯನ್ನು ಕೆಡಿಸಿದುದು ರೋಗವೊಂದೇ ಅಲ್ಲ, ಅವಳ ಪ್ರತಿಯೊಂದು ಭಾವವನ್ನೂ ರೋಗಲಕ್ಷಣವೆಂದು ಓದಿದ ಕಣ್ಣುಗಳು. ಹೆಣ್ಣಿನ ಸಂಕಟ ಗಟ್ಟಿಯಾಗಿ ಕೇಳಿಸಿದೊಡನೆ ‘ಅತಿ’ಯೆಂದು ತೀರ್ಮಾನಿಸುವ ವಿಮರ್ಶಕರು, ತಾವು ಆ ನೆರೆಹೊರೆಯವರ ಸಾಲಿನಲ್ಲಿ ನಿಂತಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ.