ರಿಲ್ಕೆಯ ಕೊನೆಯ ಉಂಗುರ

ಜರ್ಮನ್ ಭಾಷೆಯ ಕವಿ ರೈನರ್ ಮರಿಯಾ ರಿಲ್ಕೆಯ ಒಂದು ಪುಟ್ಟ ಕವಿತೆಯ ಇಂಗ್ಲಿಷ್ ಅನುವಾದ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತೆ. ಬದುಕು ಸುತ್ತು ಸುತ್ತಾಗಿ ಹಿಗ್ಗುತ್ತಿದೆ, ಕೊನೆಯ ಸುತ್ತು ಪೂರ್ತಿಯಾಗದೇ ಹೋದರೂ ಪ್ರಯತ್ನ ಬಿಡಲ್ಲ ಅನ್ನೋ ಭಾವ. 1899ರಲ್ಲಿ ಇದನ್ನು ಬರೆದಾಗ ಕವಿಗೆ 23 ವರ್ಷ. ಪುಸ್ತಕದಲ್ಲಿ ಬಂದಿದ್ದು 1905ರಲ್ಲಿ.

ಅನುವಾದಗಳಲ್ಲಿ ಹೆಚ್ಚಾಗಿ 'ಸರ್ಕಲ್ಸ್' ಅಂತಿರುತ್ತೆ. ಹಾಗಾಗಿ ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳು ನೆನಪಾಗುತ್ತವೆ. ಮೂಲದ ಪದ 'ರಿಂಗೆನ್', ಅಂದರೆ ಉಂಗುರಗಳು. ಮರವನ್ನು ಅಡ್ಡ ಕೊಯ್ದಾಗ ಕಾಣುವ ವರ್ಷದ ಉಂಗುರಕ್ಕೂ ಜರ್ಮನ್ನರು 'ಯಾರೆಸ್‌ರಿಂಗ್' ಅಂತಾರೆ. ಕವಿತೆಯಲ್ಲಿ ಮರದ ಹೆಸರಿಲ್ಲ, ನಿಜ. ಆದರೆ ಮರ ಅಂತ ಓದಿಕೊಂಡು ನೋಡಿ, ಕವಿತೆಯೇ ಬೇರೆಯಾಗುತ್ತೆ.

ಅಲೆ ಹೊರಗೆ ಹೋದಷ್ಟೂ ಅಳಿಸಿಹೋಗುತ್ತೆ. ಮರದಲ್ಲಿ ಹಾಗಲ್ಲ. ತೊಗಟೆಯ ಒಳಗಿನ ತೆಳು ಪದರವೊಂದು ಹಳೆಯ ಉಂಗುರದ ಮೇಲೆ ಹೊಸದನ್ನು ಕಟ್ಟುತ್ತೆ. ಒಳಗಿನದು ಇದ್ದಲ್ಲೇ ಇರುತ್ತೆ. ಬೆಳೆಯೋ ಕಾಲದ ನಡುವೆ ಕಡಿದ ಮರದಲ್ಲಿ ಹೊರಗಿನ ಉಂಗುರ ಅರ್ಧಕ್ಕೇ ನಿಂತಿರುತ್ತೆ. ಹಳೇ ತೊಲೆಯ ಮರವನ್ನು ಯಾವ ಋತುವಿನಲ್ಲಿ ಕಡಿದರು ಅಂತ ತಜ್ಞರು ಹೇಳೋದು ಅದನ್ನು ನೋಡಿಯೇ. ಕೊನೆಯ ಸುತ್ತಿನ ಬಗ್ಗೆ ರಿಲ್ಕೆಗಿರುವ ಅನುಮಾನ ಬರೀ ಕವಿಯ ವಿನಯ ಅಲ್ಲ, ಮರದೊಳಗೇ ಇರುವ ಸಂಗತಿ.

ನನ್ನ ತಕರಾರು ಬೇರೆ. ರಿಲ್ಕೆಯ ಉಂಗುರಗಳು ಹಿಗ್ಗುತ್ತಲೇ ಹೋಗುತ್ತವೆ. ಅಲ್ಲಿ ಬರಗಾಲವೇ ಇಲ್ಲ! ನಮ್ಮೂರ ಹೊಲದ ಬದುವಿನ ಸಾಗುವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನಾಗುತ್ತೆ, ಮಳೆ ಬಂದ ಮೇಲೆ ಮತ್ತೆ ಶುರು ಮಾಡುತ್ತೆ. ಅದಕ್ಕೇ ಅದರ ಉಂಗುರ ಎದ್ದು ಕಾಣೋದು. ಒಳ್ಳೆ ವರ್ಷದ್ದು ಅಗಲ, ಕೆಟ್ಟ ವರ್ಷದ್ದು ದಾರದಷ್ಟು. ಅಮೆರಿಕದ ಖಗೋಳ ವಿಜ್ಞಾನಿ ಎ.ಇ. ಡಗ್ಲಾಸ್ ಇಂಥ ಅಗಲ-ಕಿರಿದುಗಳನ್ನು ಒಂದಕ್ಕೊಂದು ಹೊಂದಿಸಿಯೇ 1929ರಲ್ಲಿ ಅಲ್ಲಿನ ಮೂಲನಿವಾಸಿಗಳ ಪುರಾತನ ಮನೆಗಳ ಕಾಲ ಪತ್ತೆಹಚ್ಚಿದ್ದು. ಎಲ್ಲ ಉಂಗುರಗಳೂ ಒಂದೇ ಅಗಲ ಇದ್ದಿದ್ದರೆ ಅವನಿಗೆ ಓದೋಕೆ ಏನೂ ಸಿಗ್ತಿರಲಿಲ್ಲ.

ಮರದ ಉಂಗುರ ಹಿಡಿದು ಕವಿತೆ ಬರೆಯ ಹೊರಟವರು ಈ ಏರುಪೇರನ್ನೇ ಬಿಟ್ಟುಬಿಟ್ಟರೆ ಉಳಿಯೋದು 'ವಯಸ್ಸಾಯ್ತು, ಬುದ್ಧಿ ಬಂತು' ಅನ್ನೋ ಸವೆದ ಮಾತು. ಸ್ಟೇಟಸ್ ಹಾಕುವ ನಮಗೂ ಬೇಕಿರೋದು 'ಗ್ರೋತ್' ಮಾತ್ರ ಅಲ್ವಾ? ಅಪ್ರೈಸಲ್ ಫಾರ್ಮಿನಲ್ಲಿ ಸಣಕಲು ವರ್ಷಕ್ಕೆ ಕಾಲಂ ಇರಲ್ಲ. ಕೆಲಸ ಹೋದ ಆರು ತಿಂಗಳು, ಅಮ್ಮನ ಆಸ್ಪತ್ರೆ ಓಡಾಟದಲ್ಲೇ ಕಳೆದ ವರ್ಷ, ಇವನ್ನು ರೆಸ್ಯೂಮೆಯಲ್ಲಿ 'ಗ್ಯಾಪ್' ಅಂತೀವಿ. ಮರ ಅದನ್ನು ತೆಳುವಾಗಿ ಬರೆದಿಟ್ಟು, ಮುಂದಿನ ಮಳೆಗೆ ಅದರ ಮೇಲೇ ಬೆಳೆಯುತ್ತೆ.

23ರ ಹುಡುಗ ಆ ತೆಳು ಉಂಗುರವನ್ನು ಬರೆಯದೆ ಬಿಟ್ಟಿದ್ದಾನೆ. ಮೂವತ್ತು ದಾಟಿದ ನಮ್ಮಲ್ಲಿ ಯಾರಾದರೂ ಬರೆಯಲಿ.