ನಿಮಿಷಕ್ಕೆ 25 ರೂಪಾಯಿ

ಹೋದ ವರ್ಷ ನಮ್ಮ ಪ್ರಾಜೆಕ್ಟಿನಿಂದ 11 ಜನರನ್ನ ಮನೆಗೆ ಕಳಿಸಿದ ವಾರ, ರಾತ್ರಿ ಒಂದೂವರೆಗೆ ನಾನೊಂದು ಜ್ಯೋತಿಷ್ಯದ ಆ್ಯಪ್ ಇಳಿಸಿಕೊಂಡೆ. ನಂಬಿಕೆ ಇತ್ತು ಅಂತಲ್ಲ. ನಿದ್ದೆ ಬರ್ತಿರಲಿಲ್ಲ, ಹೆಂಡತಿಯನ್ನ ಎಬ್ಬಿಸೋಕೆ ಮನಸ್ಸಿರಲಿಲ್ಲ, ಮನೆ ಸಾಲದ ಕಂತು ತಲೆ ಮೇಲೆ ಕೂತಿತ್ತು. ಆ್ಯಪ್ ತೆರೆದರೆ ಥೇಟ್ ಊಟ ತರಿಸೋ ಆ್ಯಪಿನ ಹಾಗೇ ಇದೆ. ಸಾಲಾಗಿ ಮುಖಗಳು, ಪಕ್ಕದಲ್ಲಿ ನಕ್ಷತ್ರಗಳು (ಅಶ್ವಿನಿ, ಭರಣಿ ಅಲ್ಲ, 4.8, 4.9), '15 ವರ್ಷ ಅನುಭವ', ನಿಮಿಷಕ್ಕೆ ಇಷ್ಟು ರೂಪಾಯಿ. ನಾನು 25 ರೂಪಾಯಿಯವರನ್ನ ಒತ್ತಿದೆ.

ಮೊದಲ ಐದು ನಿಮಿಷ ಫ್ರೀ. ಆ ಐದು ನಿಮಿಷ ಹುಟ್ಟಿದ ದಿನ, ಹೊತ್ತು, ಊರು ಕೇಳೋದರಲ್ಲೇ ಹೋಯ್ತು. ಆರನೇ ನಿಮಿಷಕ್ಕೆ 'ಸರ್, ನಿಮ್ಮ ಕೆಲಸದ ಮನೆ ಮೇಲೆ ಶನಿ ದೃಷ್ಟಿ ಇದೆ' ಅಂದರು. ನನ್ನ ಎದೆ ಝಲ್ಲೆಂದಿತು. ಬೆಂಗಳೂರಿಂದ ಅಂಥ ಹೊತ್ತಲ್ಲಿ ಫೋನ್ ಮಾಡೋ ಮೂವತ್ತು ದಾಟಿದ ಗಂಡಸಿಗೆ ಕೆಲಸ ಅಥವಾ ಸಂಸಾರ ಬಿಟ್ಟು ಇನ್ಯಾವ ಚಿಂತೆ ಇರುತ್ತೆ ಅಂತ ಆಗ ಹೊಳೀಲಿಲ್ಲ. ಇಪ್ಪತ್ತನೇ ನಿಮಿಷದ ಹೊತ್ತಿಗೆ ನೀಲದ ಉಂಗುರ ಬಂತು. 18,000 ರೂಪಾಯಿ, ಅದೇ ಆ್ಯಪಿನ ಅಂಗಡಿಯಲ್ಲಿ. ಫೋನ್ ಇಟ್ಟ ಕೂಡಲೇ ಪರದೆ ಕೇಳಿತು: ಎಷ್ಟು ಸ್ಟಾರ್? ಉಂಗುರ ತಗೊಳ್ಳಲಿಲ್ಲ, ಆದರೆ 5 ಒತ್ತಿದೆ. ಯಾಕಂದ್ರೆ ಅಷ್ಟು ಹೊತ್ತು ಯಾರೋ ಒಬ್ಬರು ನನ್ನ ಮಾತು ಕೇಳಿದ್ದರು.

'ನಂಬಿಕಸ್ಥ ಜ್ಯೋತಿಷಿಯನ್ನ ಆರಿಸೋದು ಹೇಗೆ' ಅಂತ ಬರೋ ಲೇಖನಗಳೆಲ್ಲ ಈ ಸ್ಟಾರನ್ನೇ ನೋಡಿ ಅನ್ನುತ್ತವೆ. ರೇಟಿಂಗ್ ನೋಡಿ, ವಿಮರ್ಶೆ ಓದಿ, ಅನುಭವ ಕೇಳಿ. ನನ್ನ ತಕರಾರು ಇರೋದೇ ಅಲ್ಲಿ. ಆ ರೇಟಿಂಗ್ ತಗೊಂಡಿದ್ದು ಯಾವಾಗ? ಭವಿಷ್ಯ ಹೇಳಿದ ಮರುಕ್ಷಣ. 'ಆರು ತಿಂಗಳಲ್ಲಿ ಬಡ್ತಿ' ಅಂದವರ ಬಗ್ಗೆ ಆರು ತಿಂಗಳಾದ ಮೇಲೆ ಯಾರೂ ಬಂದು ಕೇಳಲ್ಲ. ಕೋಡ್ ಬರೆದ ದಿನವೇ, ಒಂದು ಸಲವೂ ಓಡಿಸದೆ, ಗ್ರಾಹಕರ ಹತ್ತಿರ ಸಹಿ ಹಾಕಿಸಿಕೊಂಡ ಹಾಗೆ ಇದು. ಆ 4.9 ಅಳೆಯೋದು ಸಮಾಧಾನವನ್ನ, ಸತ್ಯವನ್ನಲ್ಲ.

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ 'ಇದು ನಿಮ್ಮ ನಿಮ್ಮ ಸ್ವಭಾವ' ಅಂತ ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿ ಇದೆ ಅಂತ ಅಂಕ ಕೊಡೋಕೆ ಹೇಳಿದಾಗ ಸರಾಸರಿ 5ಕ್ಕೆ 4.26 ಬಂತು. ಎಲ್ಲರ ಹಾಳೆಯೂ ಒಂದೇ ಆಗಿತ್ತು, ಅದೂ ಬಹುಪಾಲು ಒಂದು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ನಮ್ಮಲ್ಲೂ ಪರೀಕ್ಷೆ ನಡೆದಿದೆ. 2008ರಲ್ಲಿ ಖಗೋಳ ವಿಜ್ಞಾನಿ ಜಯಂತ್ ನಾರ್ಳೀಕರ್ ಮತ್ತು ಜೊತೆಗಾರರು ಬುದ್ಧಿವಂತ ಮಕ್ಕಳ ಜಾತಕ, ಬುದ್ಧಿಮಾಂದ್ಯ ಮಕ್ಕಳ ಜಾತಕ ಎರಡನ್ನೂ ಬೆರೆಸಿ, ಬೇರೆ ಮಾಡಿಕೊಡಿ ಅಂತ ಜ್ಯೋತಿಷಿಗಳಿಗೆ ತಲಾ 40 ಕಳಿಸಿದರು. ಉತ್ತರ ವಾಪಸ್ ಕಳಿಸಿದ 27 ಮಂದಿಯ ಸರಾಸರಿ 46 ಪರ್ಸೆಂಟ್. ನಾಣ್ಯ ಚಿಮ್ಮಿದ್ರೂ ಹೆಚ್ಚುಕಮ್ಮಿ ಅಷ್ಟೇ ಬರ್ತಿತ್ತು.

ಹಂಗಾದ್ರೆ ಒಳ್ಳೆಯವರು, ಕೆಟ್ಟವರು ಅನ್ನೋ ಪ್ರಶ್ನೆಯೇ ಇಲ್ವಾ? ಇದೆ ಅಂತ ನನಗೆ ಅನ್ನಿಸೋದು ನಮ್ಮೂರಿನ ಐನೋರಿಂದ. ತುರುವೇಕೆರೆ ಕಡೆಯ ಸಣ್ಣ ಹಳ್ಳಿ ನಮ್ಮದು. ಶಾಸ್ತ್ರ ಕೇಳೋಕೆ ಹೋದ್ರೆ ಎಲೆ ಅಡಿಕೆ, ಮೇಲೆ ಮನಸ್ಸಿಗೆ ಬಂದಷ್ಟು ಕಾಸು. ನಮ್ಮ ಚಿಕ್ಕಮ್ಮ ಫಿಟ್ಸ್ ಬರೋ ಮಗನನ್ನ ಕರಕೊಂಡು ಹೋದಾಗ ಅವರು ನೂಲು ಕಟ್ಟಿದರು. ಕಟ್ಟಿ, 'ತಾಯಿ, ಇದು ನಿನ್ನ ಧೈರ್ಯಕ್ಕೆ. ಹುಡುಗನ್ನ ನಾಳೆ ಬೆಳಿಗ್ಗೆ ತುಮಕೂರಿಗೆ ತೋರಿಸ್ಕಂಡು ಬಾ' ಅಂದರು. ಹೋಗಿಲ್ಲ ಅಂದ್ರೆ ಸಂತೆಯಲ್ಲಿ ನಿಲ್ಲಿಸಿ ಬೈಯೋರು. ಅವರು ಹೇಳಿದ್ದು ಸುಳ್ಳಾದ್ರೆ ಮಾರನೇ ದಿನ ಅದೇ ಅರಳಿಕಟ್ಟೆ ಮುಂದೆ ಓಡಾಡಬೇಕಿತ್ತು. ಆ್ಯಪಿನವರಿಗೆ ಆ ಅರಳಿಕಟ್ಟೆ ಇಲ್ಲ.

ಹಾಗಂತ ಹಳ್ಳಿ ಅಂದ್ರೆ ಸತ್ಯಯುಗ ಅಂತ ಬರೆದರೆ ನಮ್ಮ ದೊಡ್ಡಪ್ಪನ ಮಗಳು ನನ್ನನ್ನ ಸುಮ್ಮನೆ ಬಿಡಲ್ಲ. ಅದೇ ಐನೋರು 'ಮೂಲಾ ನಕ್ಷತ್ರ, ಮಾವನಿಗೆ ಆಗಿಬರಲ್ಲ' ಅಂದಿದ್ದಕ್ಕೆ ಅಕ್ಕನಿಗೆ ಬಂದ ಎರಡು ಸಂಬಂಧ ಮುರಿದವು. ಒಳ್ಳೇ ಮನುಷ್ಯರ ಬಾಯಲ್ಲಿ ಬಂತು ಅಂತ ಆ ಮಾತು ಕಮ್ಮಿ ವಿಷ ಆಗಲಿಲ್ಲ.

ಕಾನೂನು ಕಾಯುತ್ತೆ ಅಂತ ಕೂರೋ ಹಾಗೂ ಇಲ್ಲ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ವಾಮಾಚಾರದಂಥವನ್ನ ತಡೆಯುತ್ತೆ, ಜ್ಯೋತಿಷಿಗಳ ಸಲಹೆಯನ್ನ ಹೊರಗಿಟ್ಟಿದೆ. ಹಾಗಾಗಿ ಜರಡಿ ಹಿಡಿಯೋ ಕೆಲಸ ನಮ್ಮದೇ. ಹೋಗಲೇಬೇಕು ಅನ್ನೋರು ಸ್ಟಾರ್ ಬಿಟ್ಟು ಬೇರೆ ನೋಡಿ. ದೋಷ ಹೇಳಿದವರೇ ಪರಿಹಾರ ಮಾರಿದರೆ ಎದ್ದು ಬನ್ನಿ. ಕಾಯಿಲೆ, ಸಾವು, ಬಸಿರಿನ ಬಗ್ಗೆ ಬಾಯಿ ಬಿಟ್ಟರೂ ಅಷ್ಟೇ. 'ನನಗೆ ಗೊತ್ತಾಗ್ತಿಲ್ಲ' ಅಂತ ಒಂದು ಸಲವಾದ್ರೂ ಅಂದವರಿಗೆ ನಾನು ಅರ್ಧ ಮರ್ಯಾದೆ ಕೊಡ್ತೀನಿ. ನಿಮಿಷದ ಲೆಕ್ಕದಲ್ಲಿ ದುಡಿಯೋರು ಹಾಗನ್ನೋದು ಕಷ್ಟ, ಮಾತು ಅಲ್ಲಿಗೇ ಮುಗೀತು! ಇನ್ನು ರಾತ್ರಿ ಒಂದೂವರೆಗೆ ಮಾತು ಕೇಳೋರು ಬೇಕು ಅಷ್ಟೇ ಅನ್ನೋದಾದ್ರೆ ಸರ್ಕಾರದ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ, ಉಂಗುರವೂ ಇಲ್ಲ. ನನಗೆ ಅದು ತಡವಾಗಿ ಗೊತ್ತಾಯ್ತು.

ಇಷ್ಟೆಲ್ಲ ಬರೆಯೋಕೆ ಕಾರಣ ನನ್ನ ಪಕ್ಕದ ಸೀಟಿನ ಸಹೋದ್ಯೋಗಿ. ಎರಡು ಸಲ ಗರ್ಭ ನಿಂತಿಲ್ಲ. ಆ್ಯಪಿನಲ್ಲಿ ಸರ್ಪದೋಷ ಅಂದಿದ್ದಾರೆ. 'ಯಾರಾದ್ರೂ ಜೆನ್ಯೂನ್ ಇದ್ರೆ ಹೇಳಿ, ಇನ್ನೊಂದು ಸಲ ಕೇಳ್ತೀನಿ' ಅಂದ್ರು. ಐನೋರು ಈಗಿಲ್ಲ. ಇದ್ದಿದ್ರೆ ಏನಂತಿದ್ರು ಅಂತ ನೆನಪಾಗಿ, 'ಎರಡನೇ ಸಲ ಮಾಡಿಸಿದ ಟೆಸ್ಟ್ ರಿಪೋರ್ಟ್ ಡಾಕ್ಟರಿಗೆ ತೋರಿಸಿದ್ರಾ?' ಅಂದೆ. ಇಲ್ಲವಂತೆ. ದೋಷ ಕಳೆದ ಮೇಲೆ ತೋರಿಸಿ ಅಂದಿದ್ದರಂತೆ ಆ್ಯಪಿನವರು. ಫೈಲು ಮೂರು ತಿಂಗಳಿಂದ ಬೀರುವಿನಲ್ಲೇ ಇದೆ. ಬುಧವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದಾರೆ. ಅವತ್ತಿನ ಅವರ ರಿಲೀಸ್ ನಾನು ನೋಡ್ಕೋತೀನಿ ಅಂದಿದ್ದೀನಿ.